ಸಣ್ಣ ಕೆರೆಯ ಮಧ್ಯಾಹ್ನಕ್ಕೆ ಗಾಳಿ ತುಂಬುವ ಕಯಾಕ್

ಗಾಳಿ ತುಂಬಿ ನೀರಿಗಿಳಿಸುವ, ಇಬ್ಬರು ಕೂರಬಹುದಾದ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ) ಒಂದನ್ನು ಆನ್‌ಲೈನಿನಲ್ಲಿ ತರಿಸಿ, ಕಲಬುರಗಿಯಿಂದ ಆಳಂದದ ಕಡೆಗಿರುವ ನಮ್ಮ ಮಾವನವರ ಊರಿನ ಕೆರೆಯಲ್ಲಿ ಚಳಿಗಾಲದುದ್ದಕ್ಕೂ ಬಿಡುವಾದಾಗಲೆಲ್ಲ ಬಳಸಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಆಕಾರದ, ಇದೇ ಬಗೆಯ ಪಿವಿಸಿಯಿಂದ ಮಾಡಿದ ದೋಣಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುತ್ತಿದ್ದು, ಮುಂದೆ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ವರ್ಗಕ್ಕೆ ಸೇರಿದವೇ ಹೊರತು ಒಂದು ಕಂಪನಿಗೆ ಸೇರಿದವಲ್ಲ. ಕೊಳ್ಳುವ ಮುನ್ನ ನಾನು ಓದಿದ ವಿಮರ್ಶೆಗಳೆಲ್ಲ ಕರಾವಳಿಯ ಹಿನ್ನೀರನ್ನೋ ಬೆಟ್ಟದ ಮೇಲಿನ ತಣ್ಣನೆಯ ಸರೋವರವನ್ನೋ ಕಂಡವರು ಬರೆದವು. ಎರೆಮಣ್ಣಿನ ದಡ, ಬಳ್ಳಾರಿ ಜಾಲಿಯ ಮುಳ್ಳು, ಡಿಸೆಂಬರಿನಲ್ಲೂ ಚುರುಗುಟ್ಟುವ ಬಿಸಿಲು ಇವುಗಳ ನಡುವೆ ಇಂಥ ದೋಣಿ ಹೇಗೆ ನಡೆದುಕೊಳ್ಳುತ್ತದೆ ಎಂಬ ಮಾತು ಅವುಗಳಲ್ಲಿ ಇರಲಿಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ದೋಣಿಯೆಂದು ನೋಡಿದರೆ ಇದು ಸಾಧಾರಣ. ಸಣ್ಣ ಕೆರೆಯ ದೋಣಿಯೆಂದು ನೋಡಿದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಇದರ ದೋಷಗಳೆಲ್ಲ ನೀರಿನ ಹರವು ಮತ್ತು ಗಾಳಿ ಹೆಚ್ಚಾದಂತೆ ಹೆಚ್ಚಾಗುವಂಥವು. ಈ ದಡದಿಂದ ಕೂಗಿದರೆ ಆ ದಡಕ್ಕೆ ಕೇಳಿಸುವಷ್ಟು ಅಗಲದ ಕೆರೆಯಲ್ಲಿ, ಗಾಳಿ ಬೀಸದ ಮಧ್ಯಾಹ್ನ, ಆ ದೋಷಗಳು ಲೆಕ್ಕಕ್ಕೇ ಬರುವುದಿಲ್ಲ.

ಪೆಟ್ಟಿಗೆಯಲ್ಲಿ ಬಂದದ್ದು ಇಷ್ಟು: ಸುಮಾರು 10 ಅಡಿ ಉದ್ದ, 3 ಅಡಿ ಅಗಲದ ದೋಣಿಯ ಹೊದಿಕೆ, ಗಾಳಿ ತುಂಬುವ ಎರಡು ಆಸನಗಳು, ಅಲ್ಯೂಮಿನಿಯಮ್ ಕೋಲಿನ ಎರಡು ಹುಟ್ಟುಗಳು, ಒಂದು ಕೈಪಂಪು, ದೋಣಿಯ ಅಡಿಗೆ ಸಿಕ್ಕಿಸುವ ಸ್ಕೆಗ್ ಎಂಬ ಪ್ಲಾಸ್ಟಿಕ್ ರೆಕ್ಕೆ, ಹರಿದರೆ ಅಂಟಿಸಲು ಬೆರಳಗಲದ ಒಂದೆರಡು ತೇಪೆಗಳು. ದೋಣಿಯಲ್ಲಿ ಗಾಳಿಯ ಕೋಣೆಗಳು ಮೂರು: ಎಡಬಲದ ಎರಡು ದಪ್ಪ ಕೊಳವೆಗಳು ಮತ್ತು ಕೆಳಗಿನ ನೆಲಹಾಸು. ಒಂದರ ಗಾಳಿ ಹೋದರೂ ಉಳಿದೆರಡು ತೇಲಿಸುತ್ತವೆ ಎಂಬುದು ಈ ರಚನೆಯ ಹಿಂದಿನ ಯೋಚನೆ, ಮತ್ತು ದಡದ ಬಳಿಯ ಮೊಣಕಾಲುದ್ದ ನೀರಿನಲ್ಲಿ ಒಂದು ಕೊಳವೆಯನ್ನು ಖಾಲಿ ಮಾಡಿ ನೋಡಿದಾಗ ದೋಣಿ ಒಂದು ಕಡೆಗೆ ವಾಲಿತಾದರೂ ಮುಳುಗಲಿಲ್ಲ. ಹೊರುವ ಭಾರ 180 ಕಿಲೋ ಎಂದು ಬರೆದಿದ್ದಾರೆ. 75 ಕಿಲೋದ ಇಬ್ಬರು ಕೂತು, ನೀರಿನ ಬಾಟಲಿ, ಬುತ್ತಿ, ಚೀಲ ಇಟ್ಟುಕೊಂಡಾಗಲೇ ಅದು ನೀರಿಗೆ ಚೆನ್ನಾಗಿ ಕುಗ್ಗಿ ಕೂರುತ್ತದೆ. ಮೂರನೆಯವರಿಗೆ, ಮಗುವೇ ಆಗಿರಲಿ, ಅದರಲ್ಲಿ ಜಾಗವಿಲ್ಲ. ಬೆಲೆ 20 ಸಾವಿರ ರೂಪಾಯಿಯ ಒಳಗೆ. ಎಲ್ಲವನ್ನೂ ಮಡಚಿದ ಚೀಲ ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆ, ಮನೆಯ ಕಪಾಟಿನ ಮೇಲೂ ಹಿಡಿಯುತ್ತದೆ. ನಾನು ಇದನ್ನು ಕೊಳ್ಳಲು ಮುಖ್ಯ ಕಾರಣವೇ ಅದು. ಗಟ್ಟಿ ಪ್ಲಾಸ್ಟಿಕ್ಕಿನ ಕಯಾಕ್ ಆಗಿದ್ದರೆ 25ರಿಂದ 30 ಕಿಲೋ ತೂಕವನ್ನು ಕಾರಿನ ಮೇಲೆ ಕಟ್ಟಿಕೊಂಡು ಸೂಪರ್ ಮಾರ್ಕೆಟ್ ರಸ್ತೆಯ ಗದ್ದಲದಲ್ಲಿ ಸಾಗಬೇಕಿತ್ತು, ಬಾಡಿಗೆ ಮನೆಯ ಮೆಟ್ಟಿಲಿನ ಕೆಳಗೆ ಅದಕ್ಕೊಂದು ಜಾಗ ಹುಡುಕಬೇಕಿತ್ತು.

ಗಾಳಿ ತುಂಬುವ ಕೆಲಸಕ್ಕೆ ಹತ್ತು ಹದಿನೈದು ನಿಮಿಷ ಬೇಕು. ಪಂಪು ಒತ್ತಿದಾಗಲೂ ಎಳೆದಾಗಲೂ ಗಾಳಿ ಬಿಡುವ ಬಗೆಯದಾದ್ದರಿಂದ ಕೆಲಸ ಬೇಗ ಸಾಗುತ್ತದೆ, ಆದರೆ ಕೊನೆಯ ಹಂತದಲ್ಲಿ ಸೊಂಟಕ್ಕೆ ಶ್ರಮವಾಗುತ್ತದೆ. ಮೊದಲು ನೆಲಹಾಸಿಗೆ ಅರ್ಧ, ಆಮೇಲೆ ಎರಡೂ ಕೊಳವೆಗಳಿಗೆ ಸರಿಸಮವಾಗಿ, ಕಡೆಗೆ ಮತ್ತೆ ನೆಲಹಾಸಿಗೆ ಪೂರ್ತಿ ತುಂಬಿದರೆ ದೋಣಿ ನೆಟ್ಟಗೆ ನಿಲ್ಲುತ್ತದೆ. ಒಂದು ಕೊಳವೆಗೆ ಪೂರ್ತಿ ತುಂಬಿ ಇನ್ನೊಂದಕ್ಕೆ ಹೋದರೆ ಹೊದಿಕೆ ತಿರುಚಿಕೊಂಡು ಮೂತಿ ಒಂದು ಕಡೆಗೆ ಸೊಟ್ಟಗಾಗುತ್ತದೆ, ಮತ್ತು ಆ ಸೊಟ್ಟ ನೀರಿನಲ್ಲೂ ಹಾಗೆಯೇ ಉಳಿಯುತ್ತದೆ.

ಒತ್ತಡದ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಭಾಗದ ಬಿಸಿಲಿನಲ್ಲಿ ಇಂಥ ದೋಣಿಗಳು ಹಾಳಾಗುವುದು ನೀರಿನಲ್ಲಲ್ಲ, ದಡದಲ್ಲಿ. ಈ ಬಗೆಯ ಅಗ್ಗದ ದೋಣಿಗಳಿಗೆ ತುಂಬಬೇಕಾದ ಒತ್ತಡ 1 ಪಿಎಸ್‌ಐ (ಚದರ ಅಂಗುಲಕ್ಕೆ ಒಂದು ಪೌಂಡ್) ಆಸುಪಾಸು, ಅಂದರೆ ಬಹಳ ಕಡಿಮೆ. ನೆರಳಿನಲ್ಲಿ 25 ಡಿಗ್ರಿ ಇರುವಾಗ ತುಂಬಿದ ಗಾಳಿ ದಡದ ಬಿಸಿಲಿನಲ್ಲಿ ಕಾದು 50 ಡಿಗ್ರಿಗೆ ಏರಿತೆಂದುಕೊಳ್ಳೋಣ. ಮುಚ್ಚಿದ ಗಾಳಿಯ ಒತ್ತಡ ಏರುವುದು ಕೆಲ್ವಿನ್ ಮಾನದ ಉಷ್ಣಾಂಶಕ್ಕೆ ಅನುಗುಣವಾಗಿ; ಆ ಲೆಕ್ಕದಲ್ಲಿ ಅದು 298ರಿಂದ 323ಕ್ಕೆ ಏರಿದಂತೆ, ಅಂದರೆ ಶೇಕಡ 8ರಷ್ಟು. ಇಷ್ಟೇ ತಾನೆ ಎನ್ನಿಸಬಹುದು. ಆದರೆ ಆ ಶೇಕಡ 8 ಏರುವುದು ಪಂಪಿನಿಂದ ತುಂಬಿದ 1ರ ಮೇಲಲ್ಲ; ಸುತ್ತಲಿನ ವಾತಾವರಣದ ಸುಮಾರು 14 ಪಿಎಸ್‌ಐ ಸೇರಿ ಒಳಗಿರುವ 15ರ ಮೇಲೆ. ಲೆಕ್ಕ ಹಾಕಿದರೆ ಒಳಗಿನದು 16ನ್ನು ದಾಟುತ್ತದೆ, ಹೊರಗಿನ 14 ಹಾಗೆಯೇ ಇರುತ್ತದೆ; ಹೀಗಾಗಿ ಬೆಸುಗೆಯ ಮೇಲೆ ಬೀಳುವ ಒತ್ತಡ 1ರಿಂದ 2ರ ಮೇಲಕ್ಕೆ, ಅಂದರೆ ಇಮ್ಮಡಿಗಿಂತ ಹೆಚ್ಚಾಗುತ್ತದೆ. ಪಿವಿಸಿ ಕೊಂಚ ಹಿಗ್ಗುವುದರಿಂದ ಪೂರ್ತಿ ಅಷ್ಟಾಗದಿದ್ದರೂ, ಬುತ್ತಿ ಬಿಚ್ಚಲು ಹೋದವರು ಬರುವಷ್ಟರಲ್ಲಿ ದೋಣಿ ಬೆರಳಿನಿಂದ ತಟ್ಟಿದರೆ ಡೋಲಿನಂತೆ ಸದ್ದು ಮಾಡುತ್ತಿರುತ್ತದೆ. ದಡಕ್ಕೆ ಬಂದ ಕೂಡಲೇ ಮೂರೂ ವಾಲ್ವ್‌ಗಳಿಂದ ಸ್ವಲ್ಪ ಸ್ವಲ್ಪ ಗಾಳಿ ಬಿಡುವುದು, ಇಲ್ಲವೇ ದೋಣಿಯ ಅರ್ಧ ಭಾಗವನ್ನಾದರೂ ನೀರಿನಲ್ಲೇ ಇರಿಸುವುದು ಅಗತ್ಯ. ಇದರ ಇನ್ನೊಂದು ಮುಖವೂ ಉಂಟು: ಬಿಸಿಲಿನಲ್ಲಿ ಬಿಗಿಯಾಗಿ ತುಂಬಿದ ದೋಣಿಯನ್ನು ತಣ್ಣನೆಯ ನೀರಿಗೆ ಬಿಟ್ಟರೆ ಹತ್ತು ನಿಮಿಷದಲ್ಲಿ ಅದು ಸಡಿಲವಾಗುತ್ತದೆ, ಮತ್ತು ಎಲ್ಲೋ ತೂತಾಗಿದೆ ಎಂದು ಹೊಸಬರು ಗಾಬರಿಯಾಗುತ್ತಾರೆ. ದೋಣಿಯನ್ನು ನೀರಿನಲ್ಲಿ ಕೆಲಹೊತ್ತು ನೆನೆಯಲು ಬಿಟ್ಟು, ಮತ್ತೊಮ್ಮೆ ಪಂಪು ಹೊಡೆದು, ಆಮೇಲೆ ಹತ್ತುವುದು ಒಳ್ಳೆಯದು. ಕೈಪಿಡಿಯಲ್ಲಿ ಬಿಸಿಲಿನಲ್ಲಿ ಇಡಬೇಡಿ ಎಂಬ ಒಂದು ಸಾಲಿದೆ, ಏಕೆ ಎಂಬುದಿಲ್ಲ. ಪಂಪಿಗೆ ಒತ್ತಡ ತೋರಿಸುವ ಮಾಪಕವೂ ಇಲ್ಲ. ಬದಲಿಗೆ ಹೊದಿಕೆಯ ಮೇಲೆ ಅಚ್ಚು ಮಾಡಿದ ಒಂದು ಅಳತೆಪಟ್ಟಿ ಇದೆ, ಅದು ಹಿಗ್ಗಿ ಹೇಳಿದ ಉದ್ದಕ್ಕೆ ಬಂದರೆ ತುಂಬಿದ್ದು ಸಾಕು ಎಂದರ್ಥ. ವ್ಯವಸ್ಥೆ ಸರಳವಾಗಿದೆ, ಕೆಲಸವನ್ನೂ ಮಾಡುತ್ತದೆ.

ಇನ್ನು ದಡ. ಕಲಬುರಗಿ ಜಿಲ್ಲೆಯ ಕೆರೆಗಳಲ್ಲಿ ನೀರಿಗೆ ಇಳಿಯುವ ದಾರಿ ಎರಡೇ ಬಗೆಯದು. ಒಂದು ಕಡೆ ಒಡ್ಡು, ಅದಕ್ಕೆ ಹೊಂದಿಸಿದ ಕಲ್ಲುಗಳು. ಶಹಾಬಾದಿ ಫರಸಿಯ ತುಂಡುಗಳಾಗಿದ್ದರೆ ಅವುಗಳ ಅಂಚು ಕತ್ತರಿಸಿದಷ್ಟು ಚೂಪು. ಇನ್ನೊಂದು ಕಡೆ ಹೊಲದ ಬದಿ, ಅಲ್ಲಿ ಪಾದ ಇಟ್ಟರೆ ಮೊಣಕಾಲಿನವರೆಗೆ ಹೂತುಕೊಳ್ಳುವ ಎರೆಮಣ್ಣಿನ ಹೂಳು, ಅದರ ಹಿಂದೆ ಬಳ್ಳಾರಿ ಜಾಲಿ. ಈ ದೋಣಿಗೆ ಎರಡೂ ಶತ್ರುಗಳೇ. ಪಿವಿಸಿ ಕಲ್ಲಿನ ಉಜ್ಜಾಟವನ್ನು ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ತಡೆದುಕೊಂಡಿದೆ, ಗೀರುಗಳಾಗಿವೆ ಅಷ್ಟೆ. ಜಾಲಿಯ ಮುಳ್ಳನ್ನು ತಡೆದುಕೊಳ್ಳುವುದಿಲ್ಲ. ನೆಲದ ಮೇಲೆ ಬಿದ್ದ ಒಣಮುಳ್ಳು ಕಣ್ಣಿಗೆ ಕಾಣುವುದಿಲ್ಲ, ದೋಣಿಯನ್ನು ಬಿಚ್ಚಿ ಹಾಸಿ ಅದರ ಮೇಲೆ ಮೊಣಕಾಲೂರಿ ಪಂಪು ಹೊಡೆಯುವಾಗಲೇ ಅದು ಒಳಹೊಕ್ಕಿರುತ್ತದೆ. ಹಳೆಯ ತಾಡಪತ್ರಿಯೊಂದನ್ನು ಕೆಳಗೆ ಹಾಸಿ ಅದರ ಮೇಲೆಯೇ ಎಲ್ಲ ಕೆಲಸ ಮಾಡುವುದನ್ನು ರೂಢಿಸಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ತೂತಾದರೆ ಹುಡುಕುವುದು ಸೈಕಲ್ ಟ್ಯೂಬಿನ ಹಾಗೆಯೇ, ಸೋಪಿನ ನೀರು ಸವರಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡಿ. ಆದರೆ ಪೆಟ್ಟಿಗೆಯೊಂದಿಗೆ ಬರುವ ಸ್ಟಿಕ್ಕರ್ ತೇಪೆಗಳನ್ನು ನಂಬಬಾರದು. ಪಿವಿಸಿ ಅಂಟನ್ನು ಬೇರೆಯಾಗಿ ಕೊಂಡು, ತೇಪೆಯನ್ನು ತೂತಿನ ಸುತ್ತ ಕನಿಷ್ಠ ಎರಡು ಬೆರಳು ಹರಡುವಂತೆ ದುಂಡಗೆ ಕತ್ತರಿಸಿ, ಅಂಟಿಸಿದ ಮೇಲೆ ಒಂದು ಇಡೀ ದಿನ ಭಾರ ಹೇರಿ ಬಿಡಬೇಕು. ಮೂಲೆಗಳಿರುವ ಚೌಕ ತೇಪೆ ಮೂಲೆಯಿಂದಲೇ ಏಳುತ್ತದೆ.

ಕೆರೆಯ ಮೀನು ಹಿಡಿಯುವ ಹಿರಿಯರೊಬ್ಬರು ನಮ್ಮ ಈ ಸಿದ್ಧತೆಗಳನ್ನೆಲ್ಲ ಒಡ್ಡಿನ ಮೇಲೆ ಕೂತು ಗಮನಿಸುತ್ತಿದ್ದರು. ಅವರ ವಾಹನ ದಪ್ಪನೆಯ ಥರ್ಮಾಕೋಲ್ ಹಲಗೆಗಳನ್ನು ನೈಲಾನ್ ಹಗ್ಗದಿಂದ ಬಿಗಿದ ಒಂದು ತೆಪ್ಪ. ಅದರ ಮೇಲೆ ಕಾಲು ಮಡಚಿ ಕೂತು, ಕೈಯಗಲದ ಹಲಗೆಯೊಂದರಿಂದ ನೀರು ಎಳೆಯುತ್ತ ಹೋಗುತ್ತಾರೆ. ಎಲ್ಲ ನೋಡಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಣ್ಣಾರ, ಇದಕ್ಕ ಮುಳ್ಳ ಹತ್ತಿದ್ರ ಹೆಂಗ್ರೀ? ನಮ್ಮ ಥರ್ಮಾಕೋಲಿಗಿ ಆ ಅಂಜಿಕಿ ಇಲ್ಲ ನೋಡ್ರಿ.” ವಿಮರ್ಶಕರು ಪುಟಗಟ್ಟಲೆ ಬರೆದರೂ ಮುಟ್ಟದ ವಿಷಯವನ್ನು ಕಾಕಾ ಒಂದೇ ಮಾತಿನಲ್ಲಿ ಮುಟ್ಟಿದ್ದರು.

ನೀರಿಗಿಳಿದ ಮೇಲೆ ದೋಣಿಯ ಗುಣ ತಿಳಿಯುತ್ತದೆ. ಅಗಲ ಹೆಚ್ಚಿರುವುದರಿಂದ ಮಗುಚುವ ಭಯವಿಲ್ಲ. ನಡುವಯಸ್ಸಿನವರು ಹತ್ತಿ ಇಳಿಯುವಾಗಲೂ ಅದು ಹೆಚ್ಚು ಓಲಾಡುವುದಿಲ್ಲ. ಅದೇ ಅಗಲ ವೇಗವನ್ನು ತಿನ್ನುತ್ತದೆ. ಇಬ್ಬರು ಹದವಾಗಿ ಹುಟ್ಟು ಹಾಕಿದರೆ ಗಂಟೆಗೆ ಸುಮಾರು 4 ಕಿಲೋಮೀಟರ್, ಅಂದರೆ ಸಾಮಾನ್ಯ ನಡಿಗೆಯ ವೇಗ ಸಿಗುತ್ತದೆ. ಅರ್ಧ ಕಿಲೋಮೀಟರ್ ಅಗಲದ ಕೆರೆಯನ್ನು ದಾಟಲು ಏಳೆಂಟು ನಿಮಿಷ ಸಾಕಾದ್ದರಿಂದ ಇದು ದೋಷವೆನಿಸುವುದಿಲ್ಲ. ನೆಟ್ಟಗೆ ಸಾಗುವುದರಲ್ಲಿ ಮಾತ್ರ ದೂರಬೇಕಾದದ್ದಿದೆ. ಸ್ಕೆಗ್ ಇಲ್ಲದಿದ್ದರೆ ಪ್ರತಿ ಎಳೆತಕ್ಕೂ ಮೂತಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತದೆ, ಅರ್ಧ ಶಕ್ತಿ ಅದನ್ನು ತಿದ್ದುವುದಕ್ಕೇ ಹೋಗುತ್ತದೆ. ಸ್ಕೆಗ್ ಹಾಕಿದರೆ ಈ ಹೊರಳಾಟ ಕಡಿಮೆಯಾಗುತ್ತದೆ, ಆದರೆ ಒಂದು ಗೇಣಿಗಿಂತ ಕಡಿಮೆ ನೀರಿರುವಲ್ಲಿ ಅದು ಹೂಳಿಗೆ ಸಿಕ್ಕುತ್ತದೆ, ಅಂಚಿನ ಆಪಿನ ಗಿಡಗಳ ನಡುವೆ ಬಳ್ಳಿಗಳನ್ನು ಸುತ್ತಿಕೊಂಡು ಬರುತ್ತದೆ. ಒಬ್ಬರೇ ಹೋಗುವುದಾದರೆ ಆಸನವನ್ನು ನಡುವಿಗೆ ಸರಿಸಿ ಕಟ್ಟಬೇಕು; ಹಿಂದಿನ ಆಸನದಲ್ಲೇ ಕೂತರೆ ಮೂತಿ ಮೇಲೆದ್ದು, ಸಣ್ಣ ಗಾಳಿಗೂ ದೋಣಿ ತಿರುಗಿಬಿಡುತ್ತದೆ.

ಹುಟ್ಟುಗಳು ಈ ಪೊಟ್ಟಣದ ದುರ್ಬಲ ಭಾಗ. ಕೋಲುಗಳು ತುಂಡುಗಳಾಗಿ ಬಂದು ಸ್ಪ್ರಿಂಗ್ ಗುಂಡಿಯಿಂದ ಕೂಡಿಕೊಳ್ಳುತ್ತವೆ. ಆ ಕೀಲಿನಲ್ಲಿ ಮೊದಲ ದಿನದಿಂದಲೇ ಕಿರಿಕಿರಿ ಸಡಿಲವಿತ್ತು, ಹೂಳಿನ ಕಣ ಹೊಕ್ಕ ಮೇಲೆ ಗುಂಡಿ ಒಳಗೇ ಸಿಕ್ಕಿಕೊಂಡು ಬಿಚ್ಚಲು ಹರಸಾಹಸ ಪಡಬೇಕಾಯಿತು. ಉದ್ದವೂ ಕಡಿಮೆ. 3 ಅಡಿ ಅಗಲದ ದೋಣಿಯಲ್ಲಿ ಕೂತು ನೀರನ್ನು ಸರಿಯಾಗಿ ಮುಟ್ಟಲು 230ರಿಂದ 250 ಸೆಂಟಿಮೀಟರಿನ ಹುಟ್ಟು ಬೇಕು; ಗಿಡ್ಡ ಹುಟ್ಟಾದರೆ ಪ್ರತಿ ಸಲವೂ ಬೆರಳ ಗೆಣ್ಣು ದೋಣಿಯ ಪಕ್ಕಕ್ಕೆ ಉಜ್ಜುತ್ತದೆ, ಮೇಲೆತ್ತಿದ ಅಲಗಿನ ನೀರು ಕೋಲಿನ ಗುಂಟ ಇಳಿದು ತೊಡೆಯ ಮೇಲೆ ತೊಟ್ಟಿಕ್ಕುತ್ತದೆ. ನೀರು ತಡೆಯಲು ಕೋಲಿಗೆ ಹಾಕಿದ ರಬ್ಬರ್ ಉಂಗುರಗಳು ಕೆಲಸ ಮಾಡಬೇಕಾದರೆ ಅವು ಅಲಗಿನ ಹತ್ತಿರಕ್ಕೆ, ಆದರೆ ನೀರಿನಲ್ಲಿ ಮುಳುಗದಷ್ಟು ಮೇಲಕ್ಕೆ ಇರಬೇಕು. ಹಣ ಉಳಿದರೆ ಮೊದಲು ಬದಲಿಸಬೇಕಾದದ್ದು ಹುಟ್ಟನ್ನು. ಅಲಗಿನ ತಗ್ಗಾದ ಮೈ ನಮ್ಮ ಕಡೆಗಿರಬೇಕು ಎಂಬುದನ್ನೂ, ತೋಳಿಗಿಂತ ಬೆನ್ನು ಮತ್ತು ಸೊಂಟದ ತಿರುವಿನಿಂದ ಎಳೆದರೆ ದಣಿವು ಕಡಿಮೆ ಎಂಬುದನ್ನೂ ಹೊಸಬರಿಗೆ ಹೇಳಿಕೊಡುವುದು ಒಳ್ಳೆಯದು. ಇಬ್ಬರಿದ್ದಾಗ ಮುಂದಿನವರು ಲಯ ಹಿಡಿಯಬೇಕು, ಹಿಂದಿನವರು ಅದನ್ನು ನೋಡಿ ಅನುಸರಿಸುತ್ತ ದಿಕ್ಕನ್ನು ತಿದ್ದಬೇಕು. ಗಂಡಹೆಂಡಿರ ನಡುವೆ ಈ ಒಪ್ಪಂದ ಏರ್ಪಡುವವರೆಗೆ ಹುಟ್ಟಿಗೆ ಹುಟ್ಟು ಬಡಿಯುವ ಸದ್ದು ಇಡೀ ಕೆರೆಗೆ ಕೇಳಿಸುತ್ತಿರುತ್ತದೆ.

ಗಾಳಿಯ ಮಾತಿಗೆ ಬಂದರೆ, ಈ ದೋಣಿ ನೀರಿನ ಮೇಲೆಯೇ ಹೆಚ್ಚು, ನೀರಿನ ಒಳಗೆ ಕಡಿಮೆ. ಎರಡೂ ಪಕ್ಕದ ದಪ್ಪ ಕೊಳವೆಗಳು ಗಾಳಿಗೆ ಒಡ್ಡಿದ ಗೋಡೆಗಳಾಗುತ್ತವೆ. ನಮ್ಮಲ್ಲಿ ಮಳೆಗಾಲದ ಪಡುವಣ ಗಾಳಿಯ ದಿನಗಳಲ್ಲಿ ಇದನ್ನು ಹೊರಗೆ ತೆಗೆಯುವ ಯೋಚನೆಯನ್ನೇ ಮಾಡಬಾರದು. ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ, ಮತ್ತು ಆ ವೇಳೆಗೆ ಅನೇಕ ಕೆರೆಗಳು ನಡುವಿನ ಒಂದು ಹೊಂಡಕ್ಕೆ ಇಳಿದಿರುವುದರಿಂದ, ಆ ಕಾಲವೂ ಆಗದು. ಉಳಿಯುವುದು ದೀಪಾವಳಿಯ ನಂತರದಿಂದ ಶಿವರಾತ್ರಿಯ ಆಸುಪಾಸಿನವರೆಗಿನ ಅವಧಿ. ಆ ದಿನಗಳಲ್ಲೂ ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದ ಮೇಲೆ ಗಾಳಿಯ ಜೊತೆಗೆ ಮರಳುವಂತೆ ದಾರಿಯನ್ನು ಹಾಕಿಕೊಳ್ಳಬೇಕು. ಎದುರುಗಾಳಿ ಸ್ವಲ್ಪ ಬಲವಾಯಿತೆಂದರೆ ವೇಗ ಅರ್ಧಕ್ಕಿಳಿಯುತ್ತದೆ, ಹುಟ್ಟು ನಿಲ್ಲಿಸಿದರೆ ದೋಣಿ ಹಿಂದಕ್ಕೇ ಸರಿಯುತ್ತದೆ. ಒಡ್ಡಿನ ಮರೆಯ ನೀರು ಶಾಂತವಾಗಿ ಕಂಡರೂ ಆಚೆ ದಡದಲ್ಲಿ ಅಲೆ ಎದ್ದಿರಬಹುದು, ಏಕೆಂದರೆ ಗಾಳಿ ನೀರಿನ ಮೇಲೆ ಓಡಿದ ದೂರ ಹೆಚ್ಚಿದಷ್ಟೂ ಅಲೆ ದೊಡ್ಡದಾಗುತ್ತದೆ. ಸಣ್ಣ ಕೆರೆಯಲ್ಲಿ ಆ ದೂರವೇ ಕಡಿಮೆ.

ಹಾಗೆ ಎಲ್ಲ ಕೂಡಿಬಂದ ಮಧ್ಯಾಹ್ನ ಈ ದೋಣಿ ಏನು ಕೊಡುತ್ತದೆ ಎಂಬುದನ್ನೂ ಹೇಳಬೇಕು. ಮೂರು ಗಂಟೆಯ ನಂತರ ಕೆರೆಯ ಸುತ್ತಲಿನ ತೊಗರಿ ಹೊಲಗಳಲ್ಲಿ ಕೆಲಸದ ಸದ್ದು ಕಡಿಮೆಯಾಗುತ್ತದೆ, ಎಮ್ಮೆಗಳು ನೀರಿನಿಂದ ಏಳುವ ಹೊತ್ತಿಗೆ ಇನ್ನೂ ಸಮಯವಿರುತ್ತದೆ. ಮೋಟಾರಿನ ಗದ್ದಲವಿಲ್ಲದ, ನೀರಿನ ಮಟ್ಟದಲ್ಲೇ ಕೂರಿಸುವ ದೋಣಿಯಾದ್ದರಿಂದ ಹಕ್ಕಿಗಳು ಇದನ್ನು ಬಹಳ ಹೊತ್ತು ಸಹಿಸಿಕೊಳ್ಳುತ್ತವೆ. ಕಪ್ಪು ಬಿಳಿ ಬಣ್ಣದ ಮಿಂಚುಳ್ಳಿಯೊಂದು ನಮ್ಮ ಮುಂದೆ ನಾಲ್ಕು ಆಳೆತ್ತರದಲ್ಲಿ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಂತು, ಕೊಕ್ಕನ್ನು ನೆಟ್ಟಗೆ ಕೆಳಕ್ಕೆ ಚಾಚಿ ನೀರನ್ನು ನೋಡಿತು. ಮತ್ತೆ ಅರ್ಧಕ್ಕಿಳಿದು ಅಲ್ಲೂ ಹಾಗೆಯೇ ನಿಂತಿತು. ಆಮೇಲೆ ಕಲ್ಲು ಬಿದ್ದಂತೆ ಬಿದ್ದು, ಏನೂ ಸಿಗದೆ ಮೇಲೆದ್ದು ಮೈ ಕೊಡವಿಕೊಂಡು ತೂಬಿನ ಕಂಬದ ಮೇಲೆ ಹೋಗಿ ಕೂತಿತು. ದಡದಿಂದಲೂ ಇದನ್ನು ಕಾಣಬಹುದು, ಆದರೆ ಅದರ ರೆಕ್ಕೆಯ ಸದ್ದು ದಡಕ್ಕೆ ಕೇಳಿಸುವುದಿಲ್ಲ. ಗುಳುಮುಳುಕಗಳು ದೋಣಿಯನ್ನು ಕಂಡೊಡನೆ ಮುಳುಗಿ ಎಲ್ಲೋ ಏಳುತ್ತವೆ. ನಾಮದ ಕೋಳಿಗಳ ಗುಂಪಿನತ್ತ ನೇರವಾಗಿ ಸಾಗಬಾರದು. ಅವು ನೀರಿನ ಮೇಲೆ ಓಡಿ ಏಳತೊಡಗಿದರೆ ಇಡೀ ಕೆರೆಯ ಹಕ್ಕಿಗಳು ಏಳುತ್ತವೆ, ಆ ಮಧ್ಯಾಹ್ನದ ಮಟ್ಟಿಗೆ ನೋಡುವುದು ಏನೂ ಉಳಿಯುವುದಿಲ್ಲ. ಹುಟ್ಟನ್ನು ಮಡಿಲಿಗೆ ಅಡ್ಡವಿಟ್ಟು, ಕಟಕ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತ, ಅವು ತಾವಾಗಿ ಸರಿದು ಹೋಗುವವರೆಗೆ ಕಾಯುವುದೇ ಉತ್ತಮ. ಆಸನದ ಬೆನ್ನು ಅಷ್ಟು ಹೊತ್ತು ಆರಾಮವಾಗಿಯೇ ಇರುತ್ತದೆ. ಒಂದು ಗಂಟೆ ಕಳೆದ ಮೇಲೆ ಕಾಲು ಚಾಚಿ ಕೂತವರಿಗೆ ತೊಡೆಯ ಹಿಂಭಾಗ ಜೋಮು ಹಿಡಿಯತೊಡಗುತ್ತದೆ.

ಬಲೆಗಳನ್ನು ಗಮನಿಸುವುದು ಅತ್ಯವಶ್ಯ. ಕೆರೆಗಳ ಮೀನನ್ನು ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರುತ್ತಾರೆ, ಮತ್ತು ಸಂಜೆ ಬಿಟ್ಟ ಬಲೆಗಳು ಮರುದಿನವೂ ನೀರಿನಲ್ಲಿರಬಹುದು. ಸಾಲಾಗಿ ತೇಲುವ ಥರ್ಮಾಕೋಲ್ ಚೂರುಗಳು ಅಥವಾ ಖಾಲಿ ಬಾಟಲಿಗಳು ಕಂಡರೆ ಅಲ್ಲಿ ಬಲೆಯಿದೆಯೆಂದೇ ತಿಳಿದು ಸುತ್ತುಹಾಕಿ ಹೋಗಬೇಕು. ಸ್ಕೆಗ್ ಬಲೆಗೆ ಸಿಕ್ಕರೆ ನಷ್ಟ ಅವರದ್ದು, ಅಪಾಯ ನಮ್ಮದು.

ಯಾವ ಕೆರೆಗೆ ಇಳಿಸಬಹುದು ಎಂಬ ಪ್ರಶ್ನೆ ದೋಣಿ ಕೊಳ್ಳುವುದಕ್ಕಿಂತ ಮೊದಲಿನದು. ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಜಿಲ್ಲಾ ಪಂಚಾಯಿತಿಯ ವ್ಯಾಪ್ತಿಗೆ, 40ರಿಂದ 2000 ಹೆಕ್ಟೇರಿನವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ನಾವು ಗ್ರಾಮ ಪಂಚಾಯಿತಿಯಲ್ಲಿ ತಿಳಿಸಿ, ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿ ಇಳಿದೆವು. ಊರಿನಲ್ಲಿ ನೆಂಟರಿದ್ದದ್ದು ಇದಕ್ಕೆ ಅನುಕೂಲವಾಯಿತು. ಭೋಸಗಾ ಕೆರೆ ಕಲಬುರಗಿ ನಗರಕ್ಕೆ ಕುಡಿಯುವ ನೀರು ಕೊಡುವಂಥದ್ದು, ಅತ್ತ ಹೋಗಲೇಬಾರದು. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ನೀರು ಎಷ್ಟು ಸುಂದರವಾಗಿ ಕಂಡರೂ ಅದಿರುವುದು ವನ್ಯಜೀವಿಧಾಮದೊಳಗೆ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಖಾಸಗಿ ದೋಣಿಗೆ ಎಡೆಯಿಲ್ಲ. ಸುರಪುರ ತಾಲ್ಲೂಕಿನ ಬೋನಾಳದ ಕೆರೆ ಪಕ್ಷಿಧಾಮ. ಅಲ್ಲಿ ದಡದ ಮೇಲೆ ದುರ್ಬೀನು ಹಿಡಿದು ನಿಲ್ಲುವುದೇ ಸರಿ. ನದಿಗಳ ವಿಷಯವೇ ಬೇರೆ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಯಾದಗಿರಿ ಜಿಲ್ಲೆಯ ನದಿತೀರದವರಿಗೆ ಅದು ಹೊಸ ಸಂಗತಿಯಲ್ಲ. ಭೀಮೆಗೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಅಫಜಲಪುರದ ಕಡೆ ಹೊಳೆ ಹೇಗೆ ಏರುತ್ತದೆ ಎಂಬುದನ್ನು ಈ ಭಾಗದವರು ಕಂಡಿದ್ದಾರೆ. ಗಾಳಿ ತುಂಬಿದ ದೋಣಿ ಇವೆರಡಕ್ಕೂ ತಕ್ಕುದಲ್ಲ. ಹಣ ಹಾಕುವ ಮುನ್ನ ನೀರಿನ ಮೇಲೆ ಕೂತು ನೋಡಬೇಕೆನ್ನುವವರಿಗೆ, ಬೀದರ್ ಬಳಿಯ ವಿಲಾಸಪುರದ ಕೆರೆಯ ದಡದಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ. ಯಾವ ದೋಣಿಗಳು ನಡೆಯುತ್ತಿವೆ ಎಂದು ಮೊದಲೇ ವಿಚಾರಿಸಿಕೊಂಡು ಹೋಗಬಹುದು.

ಜೀವರಕ್ಷಕ ಜಾಕೆಟ್ ಈ ಪೊಟ್ಟಣದಲ್ಲಿ ಬರುವುದಿಲ್ಲ, ಬೆಲೆಯನ್ನು ಹೋಲಿಸುವಾಗ ಅದನ್ನೂ ಸೇರಿಸಿಕೊಳ್ಳಬೇಕು. ಜಾಕೆಟ್ಟಿನ ಮೇಲೆ 50 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದಿದ್ದರೆ ಅದು ಈಜು ಬಲ್ಲವರಿಗೆ, ದಡ ಹತ್ತಿರವಿರುವ ಶಾಂತ ನೀರಿಗೆ. ಅದು ತೇಲಿಸಲು ನೆರವಾಗುತ್ತದೆಯೇ ಹೊರತು ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವುದಿಲ್ಲ. ಈಜು ಬಾರದವರಿಗೆ 100 ನ್ಯೂಟನ್ನಿನ, ಕೊರಳ ಹಿಂದೆ ಪಟ್ಟಿಯಿರುವ ಜಾಕೆಟ್ಟೇ ಆಗಬೇಕು. ಕೆರೆ ಚಿಕ್ಕದು, ನೀರು ಸೊಂಟದಷ್ಟೇ ಎಂದು ಜಾಕೆಟ್ ತೊಡದೆ ಕೂರುವವರಿಗೆ ಒಂದು ಮಾತು: ರೈತರು ಬೇಸಿಗೆಯಲ್ಲಿ ಹೊಲಗಳಿಗೆಂದು ಹೂಳು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಕಾಣುವುದಿಲ್ಲ, ಸೊಂಟದಷ್ಟಿದ್ದ ಆಳ ಎರಡು ಹೆಜ್ಜೆಯಲ್ಲಿ ಆಳೆತ್ತರವಾಗಬಹುದು. ಬಿದ್ದರೆ ನಿಲ್ಲಲು ಹೋಗಬಾರದು, ಎರೆಮಣ್ಣಿನ ಹೂಳು ಕಾಲನ್ನು ಹಿಡಿದಿಡುತ್ತದೆ. ಮೈಚಾಚಿ ತೇಲುತ್ತ ದೋಣಿಯ ಪಕ್ಕಕ್ಕೆ ಬಂದು, ಕಾಲು ಬಡಿದು ಹೊಟ್ಟೆಯ ಮೇಲೆ ಅದರ ಅಡ್ಡಕ್ಕೆ ಬೀಳಬೇಕು. ತಗ್ಗಾದ, ಮೆತ್ತನೆಯ ಪಕ್ಕಗಳಿರುವುದರಿಂದ ಈ ದೋಣಿಗೆ ಮರಳಿ ಹತ್ತುವುದು ಗಟ್ಟಿ ಕಯಾಕಿಗಿಂತ ಬಹಳ ಸುಲಭ, ಇದನ್ನು ಅದರ ದೊಡ್ಡ ಗುಣಗಳಲ್ಲಿ ಒಂದೆಂದು ಎಣಿಸುತ್ತೇನೆ.

ಮಡಚುವ ಕೆಲಸ ತುಂಬುವುದಕ್ಕಿಂತ ಬೇಸರದ್ದು. ಹೂಳಿನ ನೀರು ಆಸನದ ಕೆಳಗೆ, ನೆಲಹಾಸು ಮತ್ತು ಕೊಳವೆಗಳು ಸೇರುವ ಸಂದಿನಲ್ಲಿ ನಿಂತಿರುತ್ತದೆ. ದಡದಲ್ಲಿ ಎಷ್ಟು ಒರೆಸಿದರೂ ಪೂರ್ತಿ ಹೋಗುವುದಿಲ್ಲ. ಹಾಗೆಯೇ ಚೀಲಕ್ಕೆ ತುಂಬಿಟ್ಟರೆ ಎರಡೇ ದಿನದಲ್ಲಿ ವಾಸನೆ ಏಳುತ್ತದೆ. ಮನೆಗೆ ಬಂದ ಮೇಲೆ ಮಾಳಿಗೆಯ ನೆರಳಿನಲ್ಲಿ ಅರೆಗಾಳಿ ತುಂಬಿ, ಸಿಹಿನೀರಿನಲ್ಲಿ ತೊಳೆದು, ಸಂದುಗಳನ್ನು ಹಳೆಯ ಬಟ್ಟೆಯಿಂದ ಒತ್ತಿ ಒಣಗಿಸುವುದು ತಪ್ಪದು. ಇಟ್ಟ ಜಾಗದಲ್ಲಿ ಇಲಿಯಿದ್ದರೆ ಬುತ್ತಿಯ ಎಣ್ಣೆಯ ವಾಸನೆಗೇ ಅದು ಹೊದಿಕೆಯನ್ನು ಕಡಿಯುತ್ತದೆ.

ಬಿಡಿಭಾಗಗಳ ವಿಚಾರದಲ್ಲಿ ಮಾರಾಟಗಾರರಿಂದ ನೆರವು ಸಿಗಲಿಲ್ಲ. ಒಡ್ಡಿನ ಕಲ್ಲಿಗೆ ತಾಗಿ ಸ್ಕೆಗ್ ಮುರಿದಾಗ ಅದೊಂದನ್ನೇ ಕೊಡುವಂತೆ ಕೇಳಿದರೆ, ಬಿಡಿಯಾಗಿ ಮಾರುವುದಿಲ್ಲ ಎಂಬ ಉತ್ತರ ಬಂತು. ಕಲಬುರಗಿಯಲ್ಲೇ ನಾಮಫಲಕ ಮಾಡುವ ಅಂಗಡಿಯೊಂದಕ್ಕೆ ಮುರಿದ ತುಂಡನ್ನು ಒಯ್ದು ತೋರಿಸಿದೆ. ಅಂಗಡಿಯವರು ಅದನ್ನು ಅತ್ತಿತ್ತ ತಿರುಗಿಸಿ ನೋಡಿ, “ಏನ್ರೀ ಇದು, ಫ್ಯಾನಿಂದಾ?” ಎಂದು ಕೇಳಿ, ಅಕ್ರಿಲಿಕ್ ಹಾಳೆಯ ಮೇಲೆ ಗೆರೆ ಎಳೆದು ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ, ಆನ್‌ಲೈನಿನಲ್ಲಿ ಒಂದು ಊಟ ತರಿಸುವಷ್ಟು ಹಣಕ್ಕೆ ಎರಡನ್ನು ಮಾಡಿಕೊಟ್ಟರು. ಒಂದನ್ನು ಮೂಲದಷ್ಟೇ ಉದ್ದಕ್ಕೆ, ಇನ್ನೊಂದನ್ನು ಎರಡು ಬೆರಳು ಗಿಡ್ಡವಾಗಿ ಮಾಡಿಸಿದೆ. ಗಿಡ್ಡನೆಯದರಲ್ಲಿ ಮೂತಿಯ ಹೊರಳಾಟ ತುಸು ಹೆಚ್ಚು, ಆದರೆ ಫೆಬ್ರುವರಿಯ ಹೊತ್ತಿಗೆ ನೀರು ಇಳಿದಿರುವಾಗ ಅದು ಹೂಳಿಗೆ ತಾಗದೆ ದಡದವರೆಗೂ ಬರುತ್ತದೆ. ಉದ್ದನೆಯದು ಈಗ ಚೀಲದಲ್ಲೇ ಉಳಿದಿದೆ.